ಪಾವತಿ ಕೇಳಿ, ರೊಕ್ಕ ಕೊಡಿ



ಕಿತ್ತೂರು ಅಂದ ಕೂಡಲೇ ನಮ್ಮ ಭಾಗದ ಮಕ್ಕಳಿಗೂ ನೆನಪಾಗುವುದು ಕಪ್ಪದ ಮಾತು. 1961ರಲ್ಲಿ ಬಿ.ಆರ್. ಪಂತುಲು ಅವರ ಚಿತ್ರದಲ್ಲಿ ಬಿ. ಸರೋಜಾದೇವಿ ಕಿತ್ತೂರಿನ ರಾಣಿ ಚೆನ್ನಮ್ಮನಾಗಿ ಗುಡುಗಿದ ಮೇಲೆ, ಕಪ್ಪ ಕೊಡುವುದಿಲ್ಲ ಎಂದದ್ದಕ್ಕೇ ಯುದ್ಧವಾಯಿತು ಎಂಬ ನಂಬಿಕೆ ಊರೂರಲ್ಲಿ ಬೇರೂರಿತು. ಚರಿತ್ರೆ ಸ್ವಲ್ಪ ಬೇರೆ ಇದೆ. ಕಿತ್ತೂರು ಸಂಸ್ಥಾನ ಪೇಶ್ವೆಗೂ ಕಪ್ಪ ಕಟ್ಟುತ್ತಿತ್ತು, 1818ರ ನಂತರ ಕಂಪನಿ ಸರ್ಕಾರಕ್ಕೂ ವರ್ಷಕ್ಕೆ 1 ಲಕ್ಷ 75 ಸಾವಿರ ರೂಪಾಯಿ ಕಟ್ಟುತ್ತಿತ್ತು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದೊರೆ ಮಾಡಿಕೊಂಡಿದ್ದ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಹಾಕಿ ತನ್ನ ಕಾವಲು ಕೂಡಿಸಿದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಕಾಳಗವಾಗಿ ಥ್ಯಾಕರೆ ಸತ್ತ. ಎಷ್ಟು ಕೊಡಬೇಕು ಎಂಬ ಜಗಳ ಅದಾಗಿರಲಿಲ್ಲ. ನಮ್ಮ ಖಜಾನೆಗೆ ಬೀಗ ಹಾಕಲು ನೀನು ಯಾರು, ನಿನಗೆ ಆ ಹಕ್ಕು ಕೊಟ್ಟವರು ಯಾರು ಎಂಬ ಜಗಳ ಅದು.

ಈ ಪ್ರಶ್ನೆಯನ್ನೇ ಹಿಡಿದುಕೊಂಡು ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ತೆರಿಗೆ ನಡೆದುಬಂದ ದಾರಿಯನ್ನು ಹೇಳುತ್ತೇನೆ. ಯಾಕೆಂದರೆ ಇವತ್ತು ತೆರಿಗೆಯ ಹೆಸರು ಹೇಳಿ ಫೋನಿನಲ್ಲಿ ನಮ್ಮನ್ನು ಹೆದರಿಸುವವನಿಗೂ ಕೇಳಬೇಕಾದ ಪ್ರಶ್ನೆ ಅದೇ.

ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ, ರಟ್ಟರ ರಾಜಧಾನಿ. ಆ ಕಾಲದ ಶಾಸನಗಳಲ್ಲಿ ಸುಂಕದ ಸುದ್ದಿ ಬೇಕಾದಷ್ಟಿದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಗಾಣದ ತೆರೆ ಎಂದು ಚಾಲುಕ್ಯರ ನಾಡಿನಲ್ಲಿ ಹೆಸರುಗಳು ಓಡಾಡುತ್ತಿದ್ದವು. ಎಲೆಯ ಹೇರಿಗೆ ಇಷ್ಟು, ಎಣ್ಣೆಯ ಗಾಣಕ್ಕೆ ಇಷ್ಟು ಎಂದು ವರ್ತಕರ ಸಂಘಗಳೇ ಒಪ್ಪಿ, ಅದರಲ್ಲಿ ಒಂದು ಪಾಲನ್ನು ಗುಡಿಗೋ ಬಸದಿಗೋ ಬಿಡುತ್ತಿದ್ದವು. ಆ ಒಪ್ಪಂದವನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರೂ ಓಡಾಡುವ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕೊಡುವವನಿಗೂ ಕೇಳುವವನಿಗೂ ಒಂದೇ ಬರಹ. ಶರಣರಲ್ಲಿ ಸುಂಕದ ಬಂಕಣ್ಣ ಎಂಬ ವಚನಕಾರರಿದ್ದರು. ಸುಂಕ ವಸೂಲಿ ಅವರ ಕಾಯಕ, ಆ ಕಾಯಕದ ಮಾತುಗಳಲ್ಲೇ ಅವರು ವಚನ ಹೇಳಿದರು. ತೆರಿಗೆ ಎತ್ತುವ ಕೆಲಸಕ್ಕೂ ಒಂದು ಧರ್ಮವಿದೆ ಎಂದು ನಂಬಿದ ನಾಡು ನಮ್ಮದು.

ಆಮೇಲಿನ ಶತಮಾನಗಳಲ್ಲಿ ಬರಹ ಕಲ್ಲಿನಿಂದ ಇಳಿದು ಕುಲಕರ್ಣಿಯ ದಫ್ತರ ಸೇರಿತು. ಹೊಲದ ಆಕಾರ ಎಷ್ಟು, ಬಾಕಿ ಎಷ್ಟು ಎಂಬುದು ಗೊತ್ತಿದ್ದದ್ದು ದಫ್ತರ ಇಟ್ಟುಕೊಂಡವನಿಗೆ ಮಾತ್ರ. ಓದು ಬರದ ರೈತ ಆತ ಹೇಳಿದ್ದಕ್ಕೆ ತಲೆದೂಗಿ ಹೆಬ್ಬೆಟ್ಟು ಒತ್ತಬೇಕಿತ್ತು.

ಇದನ್ನು ತಿಳಿಯದೆ ಸಂಗೊಳ್ಳಿ ರಾಯಣ್ಣನ ಸಿಟ್ಟು ಅರ್ಥವಾಗುವುದಿಲ್ಲ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯವನು, ಮನೆತನದ ವಾಲೀಕಾರಿಕೆಗೆ ಬಿಟ್ಟಿದ್ದ ಇನಾಮು ಹೊಲ ಉಂಡವನು. ಕಿತ್ತೂರು ಕೊನೆಗೆ ಕಂಪನಿಯ ಕೈಗೆ ಬಿದ್ದ ಮೇಲೆ ಆ ಹೊಲದ ಒಂದು ಭಾಗ ಹೋಯಿತು, ಉಳಿದದ್ದರ ಮೇಲೆ ಭಾರೀ ಕಂದಾಯ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದರು. ಮರುವರ್ಷದ ಜನವರಿಯಲ್ಲಿ ರಾಯಣ್ಣನ ದಂಡು ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು, ಸಂಪಗಾವಿಯ ಕಚೇರಿಯ ಮೇಲೂ ಏರಿಹೋಯಿತು. ಕಚೇರಿ ಸುಟ್ಟರೆ ಕಡತ ಸುಡುತ್ತದೆ. ಕಡತ ಸುಟ್ಟರೆ ಯಾರ ಹೊಲ ಯಾರಿಗೆ ಹೋಯಿತು, ಯಾರ ತಲೆಯ ಮೇಲೆ ಎಷ್ಟು ಬಾಕಿ ಎಂಬ ಬರಹವೇ ಇಲ್ಲ. ತನ್ನ ಕೈಗೆ ಸಿಗದ, ತಾನು ಓದಲಾಗದ ಕಾಗದದ ವಿರುದ್ಧ ಬಡವನಿಗೆ ಆಗ ಇದ್ದ ದಾರಿ ಅದೊಂದೇ ಎಂದು ನನಗೆ ಅನಿಸುತ್ತದೆ. 1831ರ ಜನವರಿ 26ರಂದು ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಿದರು.

ಮುಂದೆ ಸರ್ವೇ ಬಂತು, ಸರಪಳಿ ಹಿಡಿದು ಹೊಲ ಅಳೆದರು, ಮೂವತ್ತು ವರ್ಷಕ್ಕೊಮ್ಮೆ ಕಂದಾಯ ಗೊತ್ತು ಮಾಡಿದರು. 1852ರ ಕಾಯ್ದೆ ಇನಾಮ್ ಕಮಿಷನ್‌ಗೆ ಬಲ ಕೊಟ್ಟಿತು. ಹಳೆಯ ಇನಾಮುದಾರರಿಗೆಲ್ಲ ಸನದು ತೋರಿಸು, ಇಲ್ಲದಿದ್ದರೆ ಹೊಲ ಬಿಡು ಎಂದಿತು. ಆ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ ಎಂಬ ಅಧಿಕಾರಿ 1858ರ ಮೇ 29ರ ರಾತ್ರಿ ರಾಮದುರ್ಗದ ಹತ್ತಿರ ಸುರೇಬಾನದಲ್ಲಿ ನರಗುಂದದ ದೊರೆ ಬಾಬಾಸಾಹೇಬರ ದಂಡಿಗೆ ಬಲಿಯಾದ. ಅದೇ ರಾಮದುರ್ಗ ಸಂಸ್ಥಾನದಲ್ಲಿ 1930ರ ದಶಕದ ಕೊನೆಗೆ ಪ್ರಜಾಸಂಘ ಕಂದಾಯ ಇಳಿಸಿರೆಂದು ಚಳವಳಿ ಮಾಡಿತು. 1939ರ ಏಪ್ರಿಲಿನಲ್ಲಿ ಅದು ರಕ್ತಪಾತಕ್ಕೆ ತಿರುಗಿ, ದೇಶದ ಪತ್ರಿಕೆಗಳಲ್ಲೆಲ್ಲ ರಾಮದುರ್ಗದ ಹೆಸರು ಬಂತು.

ಇನ್ನು ಅಂಗಡಿಕಾರರ ಕಥೆ. ನಮ್ಮದು ಮುಂಬೈ ಪ್ರಾಂತ್ಯದ ಸೀಮೆಯಾದ್ದರಿಂದ ಮಾರಾಟ ತೆರಿಗೆ ಮುಂಬೈ ಸರ್ಕಾರದ 1946ರ ಕಾಯ್ದೆಯಿಂದ ಬಂತು. ಏಕೀಕರಣದ ನಂತರ 1957ರ ಕಾಯ್ದೆ ಬಂತು. ಊರ ಬಾಗಿಲಲ್ಲಿ ಜಕಾತಿ ನಾಕಾ ಇರುತ್ತಿದ್ದವು. ಚಕ್ಕಡಿ ನಿಲ್ಲಿಸಿ, ಮೂಟೆ ಎಣಿಸಿ, ರೊಕ್ಕ ತೆಗೆದುಕೊಂಡು ಪಾವತಿ ಹರಿದುಕೊಡುತ್ತಿದ್ದರು. 1979ರಲ್ಲಿ ಕರ್ನಾಟಕ ಜಕಾತಿಯನ್ನು ತೆಗೆದುಹಾಕಿತು. ಹಳೆಯ ಅಡತಿ ಅಂಗಡಿಗಳಲ್ಲಿ ಗಾದಿಯ ಪಕ್ಕದ ಗೋಡೆಗೆ ಒಂದು ಕೊಕ್ಕೆ ತಂತಿ ತೂಗುಬಿಟ್ಟಿರುತ್ತಿತ್ತು. ಜಕಾತಿ ಪಾವತಿ, ಮನೆಪಟ್ಟಿ ಪಾವತಿ, ಲಾರಿ ಬಾಡಿಗೆ ಚೀಟಿ ಎಲ್ಲವನ್ನೂ ಅದಕ್ಕೇ ಚುಚ್ಚುವುದು. ದೀಪಾವಳಿಗೆ ಹೊಸ ಖಾತೆವಹಿ ಪೂಜೆಯಾದ ಮೇಲೆ ಹಳೆಯ ತಂತಿಯನ್ನು ಹಾಗೇ ಗಂಟು ಕಟ್ಟಿ ಅಟ್ಟಕ್ಕೆ ಏರಿಸುವುದು. ಹಳದಿಗಟ್ಟಿದ ಆ ಕಾಗದ, ನಡುವೆ ತುಕ್ಕಿನ ತೂತು, ಮೂಲೆಯಲ್ಲಿ ನೇರಳೆ ಶಾಯಿಯ ಶಿಕ್ಕೆ. ಎರಡನೇ ಸಲ ಬಾಕಿ ಕೇಳಲು ಬಂದವನ ಮುಂದೆ ಆ ಗಂಟು ಬಿಚ್ಚಿದರೆ ಮಾತು ಮುಗಿಯುತ್ತಿತ್ತು. ನನಗೆ ಗೊತ್ತಿರುವ ಅತ್ಯುತ್ತಮ ತೆರಿಗೆ ಸಲಹೆ ಆ ತಂತಿಯಲ್ಲೇ ಇದೆ.

ಮತ್ತೆ ರೈತರ ಕಡೆಗೆ ಬಂದರೆ, ನವಿಲುತೀರ್ಥದ ಹತ್ತಿರ ಮಲಪ್ರಭೆಗೆ ಅಣೆಕಟ್ಟಾಯಿತು. ಕಾಲುವೆ ಬಂದ ಹೊಲಗಳ ಮೇಲೆ ನೀರಿನ ಕರದ ಜೊತೆ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವೂ ಬಂತು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ನೋಟಿಸ್ ಬಂದಾಗ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರಾಯಿತು, ಜೀವಗಳು ಹೋದವು. ಗುಂಡೂರಾವ್ ಸರ್ಕಾರ ಹಿಂದೆ ಸರಿಯಬೇಕಾಯಿತು, ಅದೇ ಬಿಸಿಯಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. ಮತ್ತೆ ಇಪ್ಪತ್ತು ವರ್ಷಕ್ಕೆ ಭೂಮಿ ಯೋಜನೆ ಬಂದು ತಲಾಟಿಯ ಕೈಬರಹದ ಉತಾರ ಕಂಪ್ಯೂಟರಿಗೆ ಏರಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಯಾರ ಕೈಕಾಲೂ ಹಿಡಿಯದೆ ಉತಾರ ಸಿಗುವಂತಾಯಿತು. ರಾಯಣ್ಣನ ಕಾಲದಲ್ಲಿ ಮುಟ್ಟಲಾಗದ ಕಾಗದ ಈಗ ನಮ್ಮ ಕೈಯಲ್ಲಿದೆ. ಆದರೆ ನಮ್ಮಲ್ಲಿ ಬಹಳ ಜನ ಅದನ್ನು ತೆಗೆದು ನೋಡುವುದೇ ಇಲ್ಲ. ಮೋಸಗಾರ ಒಳಗೆ ಬರುವುದು ಆ ಸಂದಿಯಿಂದ.

ಇತ್ತ ಅಂಗಡಿಗಳಿಗೆ ಹಳೆಯ ಮಾರಾಟ ತೆರಿಗೆಯ ಜಾಗಕ್ಕೆ 2005ರಲ್ಲಿ ವ್ಯಾಟ್, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2025ರ ಜುಲೈನಲ್ಲಿ ಏನಾಯಿತೆಂಬುದು ನಿಮಗೆಲ್ಲ ನೆನಪಿದೆ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ಕಟ್ಟಿರೆಂದು ಬಂತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕಿತ್ತು, ನಗದು ಮಾತ್ರ ಎಂದು ಬರೆದು ಹಚ್ಚಿದರು. ವ್ಯಾಪಾರಿಗಳು ಒಗ್ಗಟ್ಟಾಗಿ ಕೇಳಿದರು. ವಿನಾಯಿತಿ ಇರುವ ಸರಕು ಮಾರುವವರಿಂದ ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಂಡವರ ಹಳೆಯ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 23ರಂದು ಹೇಳಿದರು.

ಕ್ಯೂಆರ್ ಕಿತ್ತುಹಾಕುವುದು ಪರಿಹಾರವಲ್ಲ, ನಿಯಮ ತಿಳಿದುಕೊಳ್ಳಬೇಕು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ಕಾಯಿಪಲ್ಯ, ಹಾಲು, ಬಿಡಿ ಜೋಳದಂಥ ವಿನಾಯಿತಿ ಸರಕನ್ನೇ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಕಿಲ್ಲ. ಆದರೆ ಅದೇ ಅಂಗಡಿಯಲ್ಲಿ ಸಾಬೂನು, ಬಿಸ್ಕೀಟು ಇಟ್ಟರೆ 40 ಲಕ್ಷದ ಲೆಕ್ಕಕ್ಕೆ ಜೋಳ, ಸಾಬೂನು ಎರಡೂ ಸೇರುತ್ತವೆ. ಕಿರಾಣಿಯವರು ತಪ್ಪುವುದು ಇಲ್ಲಿಯೇ. ಒಂದೂವರೆ ಕೋಟಿಯ ಒಳಗಿದ್ದವರು ಕಾಂಪೊಸಿಷನ್ ಪದ್ಧತಿಗೆ ಸೇರಬಹುದು. ವ್ಯಾಪಾರಿಗಳಿಗೆ ಶೇ. 1ರಷ್ಟೇ ತೆರಿಗೆ. ಅದನ್ನು ಗಿರಾಕಿಯಿಂದ ಬೇರೆ ವಸೂಲು ಮಾಡುವಂತಿಲ್ಲ, ಬೇರೆ ರಾಜ್ಯದ ಕೊಲ್ಲಾಪುರಕ್ಕೆ ಸರಕು ಮಾರುವಂತೆಯೂ ಇಲ್ಲ.

ಆದಾಯ ತೆರಿಗೆಗೂ ಇಷ್ಟೇ ಸರಳ ದಾರಿಯಿದೆ. ವಹಿವಾಟು 2 ಕೋಟಿಯೊಳಗಿನ ಸಣ್ಣ ವ್ಯಾಪಾರಿ ಪೂರ್ತಿ ಖಾತೆವಹಿ ಇಡದೆ ಅಂದಾಜು ಲಾಭ ತೋರಿಸಬಹುದು. ನಗದು ವ್ಯಾಪಾರಕ್ಕೆ ಶೇ. 8, ಬ್ಯಾಂಕು ಇಲ್ಲವೆ ಫೋನಿನಲ್ಲಿ ಬಂದದ್ದಕ್ಕೆ ಶೇ. 6. ಮುರಗೋಡದ ಒಂದು ಅಂಗಡಿಯಲ್ಲಿ ವರ್ಷಕ್ಕೆ ಫೋನಿನಲ್ಲಿ 20 ಲಕ್ಷ, ನಗದು 10 ಲಕ್ಷ ವ್ಯಾಪಾರವಾಯಿತು ಅನ್ನೋಣ. 20 ಲಕ್ಷಕ್ಕೆ 1 ಲಕ್ಷ 20 ಸಾವಿರ, 10 ಲಕ್ಷಕ್ಕೆ 80 ಸಾವಿರ, ಕೂಡಿಸಿದರೆ 2 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು, ಆ ಪ್ರಾಮಾಣಿಕತೆ ನಮ್ಮದಿರಲಿ. ಹೊಲದ ಬೆಳೆಯ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, ಆದರೆ ಬೆಳೆ ಕೊಂಡು ಮಾರುವ ಅಡತಿ ವ್ಯಾಪಾರಕ್ಕೆ ಇದೆ. ಎರಡನ್ನೂ ಕಲಸಬೇಡಿ.

ಈಗ ಮೋಸದ ಮಾತು. ಮೊದಲನೆಯದು ರೀಫಂಡ್ ಏಜೆಂಟರದು. "ನಿಮ್ಮ ಪಗಾರದಾಗ ಕಡಿದ ರೊಕ್ಕ ಎಲ್ಲಾ ತೆಗೆಸಿಕೊಡ್ತೀನ್ರಿ ಸರ, ಬಂದದ್ದರಾಗ ನಮಗಿಷ್ಟು ಕೊಡ್ರಿ" ಎಂದು ಶಿಕ್ಷಕರು, ಸೊಸೈಟಿ ನೌಕರರ ಹತ್ತಿರ ಬರುತ್ತಾರೆ. ಇಲ್ಲದ ಮನೆಬಾಡಿಗೆ, ಕೊಡದ ದೇಣಿಗೆ, ಮಾಡಿಸದ ವಿಮೆ ತೋರಿಸಿ ರಿಟರ್ನ್ ತುಂಬುತ್ತಾರೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥವರನ್ನು ಹುಡುಕಿ ದೇಶದ 150 ಕಡೆ ತಪಾಸಣೆ ಮಾಡಿತು. ಅದಕ್ಕೆ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40 ಸಾವಿರ ಜನ ತಾವಾಗಿಯೇ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ಸುಳ್ಳು ಕೇಳಿಕೆ ಹಿಂದಕ್ಕೆ ಪಡೆದಿದ್ದರು. ಸಿಕ್ಕಿಬಿದ್ದರೆ ತೆರಿಗೆಯ ಮೇಲೆ ಶೇ. 200ರವರೆಗೆ ದಂಡ. ಅದು ಏಜೆಂಟನಿಗಲ್ಲ, ರಿಟರ್ನ್ ಯಾರ ಹೆಸರಲ್ಲಿದೆಯೋ ಅವರಿಗೆ.

ಎರಡನೆಯದು ಹುಸಿ ನೋಟಿಸ್. ವಾಟ್ಸಾಪಿಗೆ ಅಶೋಕ ಸ್ತಂಭದ ಚಿತ್ರ ಹಾಕಿದ ಒಂದು ಹಾಳೆ ಬರುತ್ತದೆ. ನಿಮ್ಮ ಹೆಸರು, ಪ್ಯಾನ್ ನಂಬರು ಸರಿಯಾಗಿಯೇ ಇರುತ್ತದೆ. ಕೆಳಗೆ ಒಂದು ಲಿಂಕು, 24 ತಾಸಿನೊಳಗೆ ಒತ್ತದಿದ್ದರೆ ಖಾತೆ ಬಂದ್ ಎಂಬ ಬೆದರಿಕೆ. ಆಗ ಗಾಬರಿಯಾಗದೆ ಒಂದನ್ನು ಹುಡುಕಿ. 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟಿಸಿನ ಮೇಲೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಬೇಕೆಂದು ನಿಯಮವಾಗಿದೆ. ಇಲಾಖೆಯ ತಾಣದ ಮೊದಲ ಪುಟದಲ್ಲೇ ನೋಟಿಸ್ ಪರೀಕ್ಷಿಸುವ ಜಾಗವಿದೆ, ಲಾಗಿನ್ ಕೂಡ ಬೇಕಿಲ್ಲ. ತಾಣದ ಹೆಸರು ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿ ಓ ವಿ ಡಾಟ್ ಇನ್ ಎಂದೇ ಮುಗಿಯಬೇಕು. ರೀಫಂಡ್ ಬರುವುದಿದ್ದರೆ ನೀವು ಕೊಟ್ಟ ಬ್ಯಾಂಕ್ ಖಾತೆಗೆ ತಾನಾಗಿ ಬರುತ್ತದೆ. ಅದಕ್ಕೆ ಯಾರೂ ಓಟಿಪಿ ಕೇಳುವುದಿಲ್ಲ, ಪಿನ್ ಕೇಳುವುದಿಲ್ಲ. ಪಿಎಂ ಕಿಸಾನ್ ಹೆಸರಿನಲ್ಲಿ ಎಪಿಕೆ ಫೈಲ್ ಬಂದರೂ ತೆರೆಯಬೇಡಿ, ತೆರೆದರೆ ಫೋನು ಅವರ ಕೈಗೆ ಹೋಗುತ್ತದೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಆ ನೆಪ ಹೇಳಿ ಪ್ಯಾನ್ ನವೀಕರಿಸಿ ಎಂದು ಕರೆ ಬಂದರೂ ಇದೇ ಎಚ್ಚರ ಬೇಕು.

ಮೂರನೆಯದು ಕಣ್ಣಿಗೆ ಕಾಣದ ಮೋಸ. ಸಾಲ ಕೊಡಿಸುತ್ತೇವೆಂದು ಪ್ಯಾನ್, ಆಧಾರ್ ಪ್ರತಿ ಇಸಿದುಕೊಂಡು ನಿಮ್ಮ ಹೆಸರಲ್ಲಿ ಹುಸಿ ಕಂಪನಿಗೆ ಜಿಎಸ್‌ಟಿ ನೋಂದಣಿ ಮಾಡಿಸುತ್ತಾರೆ. ಕೂಲಿ ಮಾಡುವವರಿಗೆ ಕೋಟಿಗಟ್ಟಲೆ ಬಾಕಿಯ ನೋಟಿಸ್ ಬರುವುದು ಹೀಗೆ. ಜಿಎಸ್‌ಟಿ ತಾಣದಲ್ಲಿ ಪ್ಯಾನ್ ಹಾಕಿ ಹುಡುಕಿದರೆ ನಿಮ್ಮ ಹೆಸರಲ್ಲಿ ಎಷ್ಟು ನೋಂದಣಿ ಇವೆ ಎಂದು ಕಾಣುತ್ತದೆ, ಆಗಾಗ ನೋಡಿ. ಅಂಗಡಿಯ ಬಿಲ್ಲನ್ನೂ ನೋಡಿ. ಜಿಎಸ್‌ಟಿ ನಂಬರಿಗೆ 15 ಅಕ್ಷರ, ಕರ್ನಾಟಕದ್ದಾದರೆ ಮೊದಲು 29, ನಂತರದ ಹತ್ತು ಮಾಲೀಕರ ಪ್ಯಾನ್. ನಂಬರಿಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ಆ ರೊಕ್ಕ ಸರ್ಕಾರಕ್ಕೆ ಹೋಗುವುದಿಲ್ಲ.

ಕೊನೆಯದನ್ನು ಹೇಳಲು ಮನಸ್ಸು ಭಾರವಾಗುತ್ತದೆ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ, ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ತೋರಿಸಿ ಹಿರಿಯರಿಂದ ಜೀವಮಾನದ ಗಳಿಕೆ ದೋಚುತ್ತಿದ್ದಾರೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ 2025ರಲ್ಲಿ ಇದರಿಂದ ಜೀವಗಳು ಹೋಗಿವೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಮನೆಯಲ್ಲಿ ಅಪ್ಪ, ಅವ್ವ, ಅಜ್ಜ, ಆಯಿ ಇದ್ದರೆ ಇವತ್ತೇ ಹತ್ತಿರ ಕೂತು ಹೇಳಿ: "ಯಾರ ಹೆದರಿಸಿದ್ರೂ ಫೋನ್ ಇಡ್ರಿ, ಮೊದಲ ನನಗ ಹೇಳ್ರಿ, ನಾಚಿಕಿ ಪಡಬ್ಯಾಡ್ರಿ."

ರೊಕ್ಕ ಹೋಗಿದ್ದು ಗೊತ್ತಾದ ಗಳಿಗೆಯಲ್ಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯಲು ಆಗುತ್ತದೆ. ಕರೆ ಬಂದ ನಂಬರು, ಮೆಸೇಜು, ಬ್ಯಾಂಕಿನ ಚೀಟಿ ಒಂದನ್ನೂ ಅಳಿಸಬೇಡಿ. ಅವುಗಳನ್ನು ಹಿಡಿದುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ದೂರಿನ ಪ್ರತಿ ಇಸಿದುಕೊಂಡೇ ಬನ್ನಿ. ಐದು ನೂರು ರೂಪಾಯಿ ಹೋಗಿದ್ದರೂ ಹೋಗಿ, ಅದೇ ಖಾತೆಗೆ ಬೇರೆ ಊರಿನ ಇನ್ಯಾರದೋ ಐದು ಲಕ್ಷ ಹೋಗಿರಬಹುದು.