ಹದಿನಾರಿನಿಂದ ಒಂದು ದಿನದ ದಾರಿ: ಶಿವನಸಮುದ್ರದ ನಡುಗಡ್ಡೆಯ ಸುತ್ತ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ನನಗೆ ಹದಿನೈದು ನಿಮಿಷ ಕೊಟ್ಟು, ‘ಮಕ್ಕಳಿಗೆ ಉಪಯೋಗವಾಗುವ ಹಾಗೆ ಏನಾದರೂ ಹೇಳಿ’ ಎಂದಿದ್ದಾರೆ. ನಾನು ವಿದ್ಯುತ್ ಇಲಾಖೆಯಲ್ಲಿ ಕಂಬ ಹತ್ತಿ ಇಳಿದು ನಿವೃತ್ತನಾದವನು, ಭಾಷಣಕಾರನಲ್ಲ. ಹಾಗಾಗಿ ಹೋದ ತಿಂಗಳು ನಮ್ಮ ಬ್ಯಾಚಿನ ನಾಲ್ವರು ಒಂದು ಬಾಡಿಗೆ ವ್ಯಾನಿನಲ್ಲಿ ಮಾಡಿದ ಒಂದು ದಿನದ ಪ್ರವಾಸದ ವಿಷಯ ಹೇಳಿ, ಕೊನೆಗೆ ನಿಮ್ಮೆಲ್ಲರಲ್ಲಿ ಒಂದು ಕೋರಿಕೆ ಇಡುತ್ತೇನೆ.

ನನ್ನ ತಂಗಿಯ ಮಗ ಸ್ಕಾಟ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಸ್ಕೈ ಎಂಬ ಒಂದು ದ್ವೀಪವಿದೆ. ಬರೀ ಬಂಡೆ, ಬೆಟ್ಟ, ಗಾಳಿ, ಕುರಿ. ಅದನ್ನು ಕಾರಿನಲ್ಲಿ ಸುತ್ತಿ ಬಂದು ಫೋಟೋ ಕಳಿಸಿದ್ದ. ರಸ್ತೆಗಳು ಬಹಳ ಕಡೆ ಒಂದೇ ಗಾಡಿಯ ಅಗಲ. ಎದುರಿಗೆ ಗಾಡಿ ಬಂದರೆ ಪಕ್ಕದಲ್ಲಿ ಮಾಡಿಟ್ಟ ಜಾಗಕ್ಕೆ ಒಬ್ಬರು ಸರಿದು ನಿಲ್ಲಬೇಕು, ಇನ್ನೊಬ್ಬರು ಕೈ ಎತ್ತಿ ನಮಸ್ಕರಿಸಿ ಹೋಗಬೇಕು. ಆ ದ್ವೀಪಕ್ಕೆ 1995ರಲ್ಲಿ ಸೇತುವೆಯಾಯಿತು. ದಾಟಲು ಸುಂಕ ಕೇಳಿದರು. ಅಲ್ಲಿಯ ಜನ ವರ್ಷಗಟ್ಟಲೆ ಹೋರಾಡಿ 2004ರಲ್ಲಿ ಸುಂಕ ತೆಗೆಸಿದರು. ಮನೆಯಲ್ಲಿ ಎಲ್ಲರೂ ಫೋಟೋ ನೋಡಿ ‘ಆಹಾ’ ಎಂದರು. ನಾನು ನಮ್ಮ ಬೀದಿಯ ಹೈಸ್ಕೂಲು ಮಕ್ಕಳನ್ನು ಕೇಳಿದೆ: ‘ನಮ್ಮ ಹತ್ತಿರವೂ ಕಾವೇರಿಯ ನಡುವೆ ಒಂದು ಬಂಡೆಗಾಡಿನ ದ್ವೀಪವಿದೆ, ನೋಡಿದ್ದೀರಾ?’ ಏಳು ಮಕ್ಕಳಲ್ಲಿ ಒಬ್ಬ ಮಾತ್ರ ಕೈ ಎತ್ತಿದ. ಅವನೂ ಮದುವೆಗೆಂದು ಹೋದಾಗ ನೋಡಿದ್ದು.

ಅದಕ್ಕೇ ನಾವು ಹೊರಟೆವು. ಬೆಳಿಗ್ಗೆ ಆರಕ್ಕೆ ಊರು ಬಿಟ್ಟೆವು. ನಮ್ಮ ಕೆರೆಯ ಮೇಲೆ ಇನ್ನೂ ಮಂಜಿತ್ತು. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ದೂರದೂರದವರು ಕ್ಯಾಮೆರಾ ಹಿಡಿದು ಇದೇ ಕೆರೆಗೆ ಬರುತ್ತಾರೆ. ಅಷ್ಟು ದೂರದಿಂದ ಹಕ್ಕಿ ನಮ್ಮೂರಿಗೆ ಬರುವಾಗ, ನಮ್ಮ ಮಕ್ಕಳು ಪಕ್ಕದ ತಾಲ್ಲೂಕಿಗೆ ಹೋಗುವುದು ಕಷ್ಟವೇ?

ಮೊದಲು ತಿರುಮಕೂಡಲು ನರಸೀಪುರ. ನಂಜನಗೂಡಿನ ನಂಜುಂಡೇಶ್ವರನ ಪಾದ ತೊಳೆದು ಬರುವ ನಮ್ಮ ಕಪಿಲೆ ಕಾವೇರಿಯನ್ನು ಸೇರುವುದು ಇಲ್ಲಿ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಇದನ್ನು ತ್ರಿವೇಣಿ ಸಂಗಮ ಎನ್ನುತ್ತಾರೆ. ಗುಂಜಾ ನರಸಿಂಹಸ್ವಾಮಿಗೆ ಕೈ ಮುಗಿದು ಮುಂದೆ ಹೋದೆವು. ಮಕ್ಕಳೇ, ಈ ಸಂಗಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಇಲ್ಲಿಂದ ಮುಂದೆ ನಾವು ನೋಡುವ ನೀರಿನಲ್ಲಿ ನಮ್ಮ ಕಪಿಲೆಯ ಪಾಲೂ ಇದೆ.

ಮುಡುಕುತೊರೆ ಮಲ್ಲಿಕಾರ್ಜುನನ ಬೆಟ್ಟ, ಅದರಾಚೆ ತಲಕಾಡು. ಗಂಗರ ರಾಜಧಾನಿಯಾಗಿದ್ದ ಊರು. ದೇವಸ್ಥಾನಗಳು ಮರಳಿನಡಿ ಹೂತುಹೋಗಿದ್ದವು. ಅಲಮೇಲಮ್ಮನ ಶಾಪದ ಕಥೆ ನಿಮ್ಮ ಅಜ್ಜಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ನದಿಯ ತಿರುವಿನಲ್ಲಿ ಬಿದ್ದ ಮರಳನ್ನು ಗಾಳಿ ಊರಿನ ಮೇಲೆ ತಂದು ಹಾಕಿತು ಎಂದು ತಿಳಿದವರು ಹೇಳುತ್ತಾರೆ. ಮಕ್ಕಳು ಎರಡನ್ನೂ ಕೇಳಲಿ, ಮರಳಿನ ಮೇಲೆ ಬರಿಗಾಲಲ್ಲಿ ನಡೆಯಲಿ. ಆದರೆ ಅಲ್ಲಿ ನೀರಿಗೆ ಇಳಿಯಬಾರದು. ಮೇಲೆ ಮೊಣಕಾಲುದ್ದ ಕಾಣುವ ಕಾವೇರಿಯ ಅಡಿಯಲ್ಲಿ ಗುಂಡಿಗಳಿರುತ್ತವೆ.

ಬೆಳಕವಾಡಿಯ ಮೇಲೆ ಹೋಗಿ ಮಳವಳ್ಳಿ ತಾಲ್ಲೂಕಿನ ಕಡೆಯಿಂದ ಗಗನಚುಕ್ಕಿ ನೋಡಿದೆವು. ಕಾವೇರಿ ಇಲ್ಲಿ ಎರಡು ಕವಲಾಗಿ ಒಂದು ನಡುಗಡ್ಡೆಯನ್ನು ಬಳಸುತ್ತದೆ. ಒಂದು ಕವಲು ಗಗನಚುಕ್ಕಿಯಾಗಿ ಧುಮುಕುತ್ತದೆ, ಇನ್ನೊಂದು ಭರಚುಕ್ಕಿಯಾಗಿ. ಕೆಳಗೆ ಮತ್ತೆ ಎರಡೂ ಒಂದಾಗುತ್ತವೆ. ನಡುವೆ ಇರುವ ಬಂಡೆ, ಕುರುಚಲು ಕಾಡು, ಗುಡಿ, ಮನೆಗಳ ಭೂಮಿಯೇ ಶಿವನಸಮುದ್ರ.

ಗಗನಚುಕ್ಕಿಯ ಬಳಿ ಕಾಣುವ ವಿದ್ಯುತ್ ಕೇಂದ್ರದ ಬಗ್ಗೆ ನನ್ನ ಕಸುಬಿನ ಎರಡು ಮಾತು. ಜಲಪಾತಕ್ಕಿಂತ ಮೇಲೆ ನದಿಯ ಸ್ವಲ್ಪ ನೀರನ್ನು ಕಾಲುವೆಗೆ ತಿರುಗಿಸುತ್ತಾರೆ. ಆ ನೀರು ದೊಡ್ಡ ಕೊಳವೆಗಳಲ್ಲಿ ಕಡಿದಾಗಿ ಇಳಿದು ಟರ್ಬೈನು ತಿರುಗಿಸುತ್ತದೆ, ಕೆಲಸ ಮುಗಿಸಿ ಮತ್ತೆ ನದಿಗೇ ಸೇರುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ ಇದು. ಅವರು 1901ರಲ್ಲಿ ತೀರಿಕೊಂಡರು. 1902ರ ಜೂನ್ ತಿಂಗಳಲ್ಲಿ ಇಲ್ಲಿಯ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹೋಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಬೇಸಿಗೆಯಲ್ಲಿ ನದಿ ಬತ್ತಿದರೆ ಯಂತ್ರಕ್ಕೆ ನೀರು ಸಾಲುತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿದ ಕಾರಣಗಳಲ್ಲಿ ಈ ಕೇಂದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದಾಗಿತ್ತು.

ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಏಳನೇ ತರಗತಿಯಲ್ಲಿದ್ದಾಗ. ಅಲ್ಲಿಯವರೆಗೆ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಓದು. ನಮ್ಮ ಕಪಿಲೆಯ ನೀರು ಕೋಲಾರದ ಚಿನ್ನಕ್ಕೆ ಬೆಳಕು ಕೊಟ್ಟು ಎಷ್ಟೋ ದಶಕಗಳಾದ ಮೇಲೆ ನಮ್ಮ ಮನೆಯ ಬಲ್ಬು ಹತ್ತಿತು. ಇದನ್ನು ದೂರಲು ಹೇಳುತ್ತಿಲ್ಲ. ಹತ್ತಿರವಿರುವುದು ತಾನಾಗಿ ನಮ್ಮದಾಗುವುದಿಲ್ಲ, ಹೋಗಿ ನೋಡಿ ತಿಳಿದುಕೊಂಡು ಕೇಳಿದರೆ ಮಾತ್ರ ನಮ್ಮದಾಗುತ್ತದೆ. ಅದಕ್ಕೆ ಹೇಳಿದೆ.

ಎದುರಿಗೇ ಕಾಣುವ ನಡುಗಡ್ಡೆಗೆ ಹೋಗಲು ಹೆದ್ದಾರಿಗೆ ಬಂದು, ಕಾವೇರಿ ದಾಟಿ, ಸತ್ತೇಗಾಲದ ಹತ್ತಿರ ತಿರುಗಬೇಕು. ಒಂದೇ ಹೊಳೆ, ಎರಡು ಜಿಲ್ಲೆ. ಗಗನಚುಕ್ಕಿ ನೋಡುವಾಗ ನೀವು ಮಂಡ್ಯದಲ್ಲಿರುತ್ತೀರಿ, ಭರಚುಕ್ಕಿ ನೋಡುವಾಗ ಚಾಮರಾಜನಗರದಲ್ಲಿ. 1956ಕ್ಕೆ ಮೊದಲು ಇನ್ನೂ ವಿಚಿತ್ರ. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮನೆಮಾತು ಕನ್ನಡ, ಕಚೇರಿ ಕೆಲಸಕ್ಕೆ ಕೊಯಮತ್ತೂರು!

ನಡುಗಡ್ಡೆಗೆ ದಾಟುವಲ್ಲಿ ಹೊಸ ಸೇತುವೆಯ ಪಕ್ಕ ಹಳೆಯ ಕಲ್ಲುಸೇತುವೆ ಇದೆ. 1830ರ ಸುಮಾರಿಗೆ ರಾಮಸ್ವಾಮಿ ಮೊದಲಿಯಾರ್ ಎಂಬವರು ಇಲ್ಲಿ ಸೇತುವೆ ಕಟ್ಟಿಸಿ, ಪಾಳುಬಿದ್ದಿದ್ದ ಜಾಗಕ್ಕೆ ಮತ್ತೆ ಜನ ಬರುವ ಹಾಗೆ ಮಾಡಿದರು. ಕಮಾನಿಲ್ಲದೆ ಸಾಲು ಕಲ್ಲುಕಂಬಗಳ ಮೇಲೆ ಚಪ್ಪಡಿ ಹಾಸಿದ ಸೇತುವೆ. ಅವರಿಗೆ ಜನೋಪಕಾರಿ ಎಂಬರ್ಥದ ಬಿರುದೂ ಬಂತು. ಅದು ಎಷ್ಟೋ ನೆರೆಗಳನ್ನು ತಡೆದು ನಿಂತಿತ್ತು. 2018ರ ನೆರೆಯಲ್ಲಿ ಒಂದು ಭಾಗ ಕೊಚ್ಚಿಹೋಯಿತು. ಉಳಿದದ್ದನ್ನಾದರೂ ನಮ್ಮ ಮಕ್ಕಳು ನೋಡಲಿ.

ಒಳಗೆ ಹೋದರೆ ಮಧ್ಯರಂಗ. ಶ್ರೀರಂಗಪಟ್ಟಣ ಆದಿರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ, ಇವೆರಡರ ನಡುವಿನದು ಇದು. ಮೂರೂ ಕಾವೇರಿಯ ದ್ವೀಪಗಳೇ. ಸೋಮೇಶ್ವರನ ಗುಡಿಯೂ ಇದೆ, ಗಗನಚುಕ್ಕಿಯ ಕಡೆಗೆ ಎಲ್ಲ ಜಾತಿಯವರೂ ಹೋಗುವ ದರ್ಗಾವೂ ಇದೆ. ಐನೂರು ವರ್ಷದ ಹಿಂದೆ ಉಮ್ಮತ್ತೂರಿನ ಗಂಗರಾಜ ಇಲ್ಲಿ ಕೋಟೆ ಕಟ್ಟಿಕೊಂಡು ವಿಜಯನಗರದ ಕೃಷ್ಣದೇವರಾಯನನ್ನೇ ಎದುರಿಸಿ ಸೋತ. ಉಮ್ಮತ್ತೂರು ನಮಗೆ ಎಷ್ಟು ದೂರ? ಪುಸ್ತಕದ ಇತಿಹಾಸ ನಮ್ಮ ನೆಂಟರ ಊರುಗಳಲ್ಲೇ ನಡೆದಿದೆ.

ಭರಚುಕ್ಕಿಯ ಮೆಟ್ಟಿಲು ಇಳಿಯುವಾಗ ನಮ್ಮ ಜೊತೆ ಬಂದಿದ್ದ ಗೆಳತಿ ಅರ್ಧದಲ್ಲಿ ಕೂತುಬಿಟ್ಟರು. ಮಂಡಿನೋವು ಎಂದುಕೊಂಡೆವು. ಆಕೆ ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವರು. ಒಂಬತ್ತನೇ ತರಗತಿಯಲ್ಲಿ ಶಾಲೆಯಿಂದ ಇಲ್ಲಿಗೇ ಪ್ರವಾಸ ಹೊರಟಾಗ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ದುಡ್ಡೂ ಇರಲಿಲ್ಲ, ‘ಹೆಣ್ಣುಮಗು ರಾತ್ರಿಯಾಗಿ ಬಂದರೆ ಜನ ಏನಂದಾರು’ ಎಂಬ ಮಾತೂ ಇತ್ತು. ಮಾರನೆಯ ವರ್ಷ ಮದುವೆ. ಈಗ ಮೊಮ್ಮಕ್ಕಳಿದ್ದಾರೆ. ಅವತ್ತು ನೀರನ್ನೇ ನೋಡುತ್ತಾ ಹೇಳಿದರು: ‘ನೀವೆಲ್ಲ ಬಂದು ಕ್ಲಾಸಲ್ಲಿ ಇದ್ನೇ ಒಂದ್ವಾರ ಮಾತಾಡ್ತಿದ್ರಿ ಕನಪ್ಪ. ನಾನು ಕಿಟ್ಕಿ ನೋಡ್ಕಂಡು ಕೂತಿದ್ದೆ. ನೀರು ಬೀಳೋದು ಇಷ್ಟು ಸದ್ದು ಮಾಡ್ತದೆ ಅಂತ ಒಬ್ರೂ ಹೇಳಿರ್ನಿಲ್ಲ.’ ನಾವು ಮೂವರು ಗಂಡಸರಿಗೂ ಉತ್ತರ ತೋಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಎದ್ದು, ಕೊನೆಯ ಮೆಟ್ಟಿಲವರೆಗೂ ಇಳಿದರು.

ಕೊಳ್ಳೇಗಾಲದಲ್ಲಿ ಊಟ ಮಾಡಿ, ಮೂಗೂರಿನಲ್ಲಿ ತ್ರಿಪುರಸುಂದರಿ ಅಮ್ಮನಿಗೆ ಕೈ ಮುಗಿದು, ನರಸೀಪುರದ ಮೇಲೆ ಕತ್ತಲಾಗುವಷ್ಟರಲ್ಲಿ ಊರು ಸೇರಿದೆವು. ಹೋದ ದಾರಿ ಬೇರೆ, ಬಂದ ದಾರಿ ಬೇರೆ. ಒಂದೇ ಹಗಲು ಸಾಕಾಯಿತು.

ಈಗ ನನ್ನ ಕೋರಿಕೆ. ಈ ಸುವರ್ಣ ಮಹೋತ್ಸವದಲ್ಲಿ ಕಮಾನು, ಬಣ್ಣ, ಬೀರು, ಕುರ್ಚಿಗೆ ದಾನಿಗಳು ಮುಂದೆ ಬಂದಿದ್ದಾರೆ, ಸಂತೋಷ. ಜೊತೆಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಪ್ರವಾಸ ನಿಧಿ ಮಾಡೋಣ. ಪ್ರತಿ ವರ್ಷ ಒಂಬತ್ತನೇ ತರಗತಿಯ ಎಲ್ಲ ಮಕ್ಕಳೂ ಈ ದಾರಿಯಲ್ಲಿ ಒಮ್ಮೆ ಹೋಗಿ ಬರಲಿ. ‘ಎಲ್ಲ’ ಎನ್ನುವ ಮಾತಿಗೆ ಒತ್ತು ಕೊಡುತ್ತಿದ್ದೇನೆ. ದುಡ್ಡು ಕೊಟ್ಟವರ ಪಟ್ಟಿ, ಕೊಡದವರ ಪಟ್ಟಿ ಎಂದು ತರಗತಿಯಲ್ಲಿ ಎರಡು ಪಟ್ಟಿ ಆಗಬಾರದು. ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯರೂ ಊರಿನ ಇಬ್ಬರು ತಾಯಂದಿರೂ ಹೋಗಲಿ. ಕತ್ತಲಾಗುವ ಮೊದಲು ಬಸ್ಸು ಶಾಲೆಯ ಮುಂದೆ ನಿಲ್ಲಲಿ. ನೆರೆ ಬರುವ ಮಳೆಗಾಲ ಬೇಡ, ಮಳೆ ಇಳಿದು ನೀರು ಇನ್ನೂ ಚೆನ್ನಾಗಿರುವಾಗ ಹೋಗಲಿ. ಯಾರೂ ನೀರಿಗೆ ಇಳಿಯಬಾರದು, ಫೋಟೋಗೆಂದು ಬಂಡೆ ಹತ್ತಬಾರದು. ಇಂಥ ಜಾಗಗಳಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಹೋದ ಜೀವಗಳು ಎಷ್ಟೋ.

ನಮ್ಮ ಬ್ಯಾಚಿನ ನಾಲ್ವರು ಮೊದಲ ವರ್ಷದ ಬಸ್ಸಿನ ಖರ್ಚು ಕೊಡುತ್ತೇವೆ. ಅದರಲ್ಲಿ ಮೊದಲ ಐನೂರು ರೂಪಾಯಿ ಆ ಗೆಳತಿಯದು. ‘ಹೆಸರು ಹಾಕ್ಬೇಡಿ, ನನ್ನ ಪಾಲಿನ ಸೀಟಿನ ದುಡ್ಡು ಅಂತ ಬರ್ಕಳಿ’ ಎಂದಿದ್ದಾರೆ. ಮುಂದಿನ ವರ್ಷದ್ದನ್ನು ಯಾವ ಬ್ಯಾಚು ವಹಿಸಿಕೊಳ್ಳುತ್ತದೆ ಎಂದು ಊಟಕ್ಕೆ ಏಳುವ ಮೊದಲು ಮುಖ್ಯ ಶಿಕ್ಷಕರಿಗೆ ತಿಳಿಸಿ.