ಹೊರಗಿನ ಆಚರಣೆ, ಒಳಗಿನ ವಿಶ್ವಾಸ

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾವೆಲ್ಲರೂ ಸಡಗರದಿಂದಿದ್ದೇವೆ. ಗೋಪುರಕ್ಕೆ ಬಣ್ಣ ಬಳಿದಿದ್ದೇವೆ, ದೀಪಮಾಲೆಗಳನ್ನು ಕಟ್ಟಿದ್ದೇವೆ, ತೇರನ್ನು ಸಿಂಗರಿಸುತ್ತಿದ್ದೇವೆ. ಇವೆಲ್ಲವೂ ಯುಕ್ತವಾದುವೇ. ದೇವಪುತ್ರರೇ ನರದೇಹವನ್ನು ಧರಿಸಿ ನಮ್ಮ ಬಳಿಗೆ ಬಂದರೆಂದು ನಂಬುವ ನಾವು, ಕಣ್ಣಿಗೆ ಕಾಣುವ ಕುರುಹುಗಳನ್ನು ತಿರಸ್ಕರಿಸಲಾರೆವು. ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ ಇವುಗಳ ಮೂಲಕವೇ ದೇವರ ವರಪ್ರಸಾದ ನಮ್ಮನ್ನು ತಲುಪುತ್ತದೆ. "ಮನಸ್ಸು ಶುದ್ಧವಾಗಿದ್ದರೆ ಸಾಕು, ದೇವಾಲಯವೇಕೆ?" ಎನ್ನುವವರ ವಿಶ್ವಾಸ ಬೇಲಿಯಿಲ್ಲದ ಪೈರಿನಂತೆ ಬಹುಕಾಲ ಉಳಿಯುವುದಿಲ್ಲ. ಆದುದರಿಂದ ಆಚರಣೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಆ ಕುರುಹು ಯಾವುದನ್ನು ಸೂಚಿಸುತ್ತದೆಯೋ ಅದು ನಮ್ಮಲ್ಲಿದೆಯೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಯೆಶಾಯ ಪ್ರವಾದಿಯ ಕಾಲದಲ್ಲಿ ಜನರು ಉಪವಾಸವಿದ್ದು ತಲೆ ಬಾಗಿಸಿದರು. ಅದೇ ದಿನ ಆಳುಗಳನ್ನು ಪೀಡಿಸಿದರು, ಜಗಳವಾಡಿದರು. ದೇವರು ಅಂತಹ ಉಪವಾಸವನ್ನು ಮೆಚ್ಚಲಿಲ್ಲ. ಕ್ರಿಸ್ತಶಕ 55ರ ಸುಮಾರಿಗೆ ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರವನ್ನು ನೋಡಿರಿ. ಅಲ್ಲಿಯ ವಿಶ್ವಾಸಿಗಳು ಪ್ರಭುವಿನ ಭೋಜನಕ್ಕೆಂದು ಕೂಡುತ್ತಿದ್ದರು. ಉಳ್ಳವರು ಮೊದಲೇ ಉಂಡು ಕುಡಿದು ತೃಪ್ತರಾಗುತ್ತಿದ್ದರು. ಬಡವರು ಹಸಿದೇ ಇರುತ್ತಿದ್ದರು. ರೊಟ್ಟಿಯೂ ಇತ್ತು, ಪಾತ್ರೆಯೂ ಇತ್ತು. ಆದರೂ ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲರು ಖಂಡಿಸಿದರು.

ನಾವು ಆಚರಿಸುತ್ತಿರುವ ಜುಬಿಲಿಯ ಮೂಲವನ್ನೂ ಸ್ವಲ್ಪ ವಿಚಾರಿಸೋಣ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ, ಪ್ರತಿ 50ನೆಯ ವರ್ಷದಲ್ಲಿ, ದೋಷಪರಿಹಾರದ ದಿನದಂದು ಇಸ್ರಯೇಲಿನ ನಾಡಿನಲ್ಲೆಲ್ಲ ಕೊಂಬು ಊದಬೇಕಾಗಿತ್ತು. ಆಗ ಪರರ ಪಾಲಾಗಿದ್ದ ಹೊಲ ಮೂಲ ಕುಟುಂಬಕ್ಕೆ ಹಿಂದಿರುಗಬೇಕು. ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಿ ಮನೆಗೆ ಮರಳಬೇಕು. ಕೊಂಬಿನ ಧ್ವನಿ ಕುರುಹು ಮಾತ್ರ. ಹೊಲ ಬಿಟ್ಟುಕೊಡುವುದೇ ಜುಬಿಲಿ. ನಮ್ಮ ಧರ್ಮಸಭೆಯಲ್ಲಿ ಜಗದ್ಗುರು ಎಂಟನೆಯ ಬೋನಿಫಾಸರು 1300ರಲ್ಲಿ ಮೊದಲ ಪವಿತ್ರ ವರ್ಷವನ್ನು ಸಾರಿದಾಗ, ಅದು ನೂರು ವರ್ಷಕ್ಕೊಮ್ಮೆ ಬರಬೇಕೆಂದೇ ವಿಧಿಸಿದ್ದರು. ರೋಮಿನ ನಿವಾಸಿಗಳು 30 ದಿನ, ಹೊರಗಿನವರು 15 ದಿನ ಸಂತ ಪೇತ್ರ ಮತ್ತು ಸಂತ ಪೌಲರ ಮಹಾದೇವಾಲಯಗಳನ್ನು ಸಂದರ್ಶಿಸಬೇಕಾಗಿತ್ತು. ಆದರೆ ಹಾಗೆ ನಡೆದುದಷ್ಟೇ ಸಾಲದು. ನಿಜವಾಗಿ ಪಶ್ಚಾತ್ತಾಪಪಟ್ಟು ಪಾಪನಿವೇದನೆ ಮಾಡಿದವರಿಗೆ ಮಾತ್ರ ಅದರ ಫಲವೆಂದು ಆ ಆಜ್ಞೆಯಲ್ಲಿಯೇ ಹೇಳಿತ್ತು.

ಈಗ ನಮ್ಮ ಬಲಿಪೂಜೆಗೆ ಬರೋಣ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ, ಭಾರತದ ಧರ್ಮಾಧ್ಯಕ್ಷರು ಕೋರಿದ 12 ಹೊಂದಾಣಿಕೆಗಳಿಗೆ 1969ರ ಏಪ್ರಿಲ್ 25ರಂದು ರೋಮ್ ಸಮ್ಮತಿಯಿತ್ತಿತು. ಶಾಂತಿಯನ್ನು ಕೈಮುಗಿದು ಹಂಚಿಕೊಳ್ಳುವುದೂ ಅವುಗಳಲ್ಲೊಂದು. ಪ್ರಭು ಕಲಿಸಿದ ಪ್ರಾರ್ಥನೆಯ ನಂತರ, ಪರಮಪ್ರಸಾದದ ಮುಂಚೆ, ಕೆಲವೇ ಕ್ಷಣಗಳಲ್ಲಿ ಈ ನಮಸ್ಕಾರ ಮುಗಿದುಹೋಗುತ್ತದೆ. ಆದರೆ ನಮ್ಮ ಹೊರಗೂ ಒಳಗೂ ಒಂದೇ ಆಗಿವೆಯೋ ಇಲ್ಲವೋ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕನ್ನಡಿ ಬೇರೊಂದಿಲ್ಲ.

ಎಡಗಡೆಯವರಿಗೆ ಕೈಮುಗಿಯುತ್ತೇವೆ, ಬಲಗಡೆಯವರಿಗೆ ಕೈಮುಗಿಯುತ್ತೇವೆ. ಎದುರು ಸಾಲಿನಲ್ಲಿ ಕುಳಿತ ಒಡಹುಟ್ಟಿದವನ ಕಡೆಗೆ ಮಾತ್ರ ದೃಷ್ಟಿ ಹೊರಳುವುದಿಲ್ಲ. ಹೊಲದ ಒಂದು ಬದು, ಹಿರಿಯರ ಆಸ್ತಿಯ ಪಾಲು, ಮದುವೆಗೆ ಕರೆಯಲಿಲ್ಲವೆಂಬ ಮುನಿಸು, ತೇರಿನ ಮುಂದೆ ಯಾರು ನಡೆಯಬೇಕೆಂಬ ಹಠ, ಇವರು ಯಾವ ಜಾತಿಯಿಂದ ಬಂದವರೆಂದು ಒಳಗೊಳಗೇ ಅಳೆಯುವ ಅಳತೆಗೋಲು: ಇವು ನಮ್ಮ ಮುಗಿದ ಕೈಗಳ ನಡುವೆಯೇ ಅಡಗಿರುತ್ತವೆ. ಸತ್ತ ಮೇಲೆ ಶವಪೆಟ್ಟಿಗೆಗೆ ಹೆಗಲು ಕೊಡುವ ನಾವು, ಬದುಕಿರುವಾಗ ಅವರಿಗೊಂದು ನಮಸ್ಕಾರ ಮಾಡಲಾರೆವೇ?

ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಂಡು ಬಾ ಎಂದು ಯೇಸುಸ್ವಾಮಿ ಬೋಧಿಸಿದ್ದಾರೆ. ಒಂದು ಸೂಕ್ಷ್ಮವನ್ನು ಗಮನಿಸಿರಿ. ನಿನಗೆ ಅವನ ಮೇಲೆ ದೂರಿದ್ದರೆ ಎಂದು ಅವರು ಹೇಳಲಿಲ್ಲ. ಅವನಿಗೆ ನಿನ್ನ ಮೇಲೆ ದೂರಿದ್ದರೆ ಎಂದರು. ತಪ್ಪು ಯಾರದೆಂಬ ಲೆಕ್ಕ ಮುಗಿಯುವ ತನಕ ಕಾಯಲು ಅಲ್ಲಿ ಅವಕಾಶವಿಲ್ಲ. ಮೊದಲ ಹೆಜ್ಜೆ, ದೂರು ನೆನಪಾದವನದೇ. ಬಲಿಪೀಠದ ಬಳಿ ನಿಲ್ಲುವ ಗುರುಗಳಾದ ನಮಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಆದುದರಿಂದ ಹಬ್ಬದ ದಿನಕ್ಕೆ ಮುಂಚೆ ನಾವೆಲ್ಲರೂ ಎರಡು ಕೆಲಸಗಳನ್ನು ಮಾಡೋಣ. ನಮ್ಮ ಹೊಲಮನೆಗಳಲ್ಲಿ ದುಡಿದವರ ಕೂಲಿ ಬಾಕಿಯಿದ್ದರೆ ಅದನ್ನು ತೀರಿಸೋಣ. ಮಾತು ನಿಂತುಹೋದ ಒಂದು ಮನೆಯ ಬಾಗಿಲಿಗೆ ಹೋಗಿ ಕೈಮುಗಿಯೋಣ. ವ್ಯಾಜ್ಯ ನ್ಯಾಯಾಲಯದಲ್ಲಿದ್ದರೆ ತೀರ್ಪು ಅಲ್ಲಿಯೇ ಆಗಲಿ; ಅಲ್ಲಿಯವರೆಗೆ ಮಾತನಾಡಬಾರದೆಂಬ ಕಾನೂನು ಎಲ್ಲಿಯೂ ಇಲ್ಲ. ಬಾಗಿಲು ತೆರೆಯದಿದ್ದರೂ ನಾವು ಹೋದದ್ದು ವ್ಯರ್ಥವಾಗುವುದಿಲ್ಲ. ಈ ಕಾಣಿಕೆ ಸ್ಮರಣ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಅಚ್ಚಾಗುವುದಿಲ್ಲ. ಅಂತರಂಗವನ್ನು ಕಾಣುವ ತಂದೆ ಮಾತ್ರ ಅದನ್ನು ಬಲ್ಲರು.

ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದ ಹಿರಿಯರು ಒಂದೇ ಬಲಿಪೀಠದ ಸುತ್ತ ಒಂದೇ ಕುಟುಂಬವಾಗಿ ನಿಲ್ಲಲೆಂದು ಇದನ್ನು ನಮಗೆ ಬಿಟ್ಟುಹೋದರು. ಅವರ ಆತ್ಮಗಳಿಗೆ ಪ್ರಭು ನಿತ್ಯಶಾಂತಿಯನ್ನು ಅನುಗ್ರಹಿಸಲಿ; ಅದೇ ಶಾಂತಿಯನ್ನು ನಮ್ಮ ಮನೆಗಳಿಗೂ ದಯಪಾಲಿಸಲಿ. ಆಮೆನ್.