ವರ್ತನೆ ಹಾಲಿನ ಲೆಕ್ಕ, ಪನೀರಿನ ಲೆಕ್ಕ

(ಅಂಬಲಪಾಡಿಯಲ್ಲಿ ಸೇರಿದ್ದ ಹೈನುಗಾರರ ಸಭೆಯಲ್ಲಿ ಮಾಡಿದ ಭಾಷಣ)



ಹಾಲಿನ ಬೆಲೆಯ ಬಗ್ಗೆ ಮಾತಾಡಿ ಎಂದು ನನ್ನನ್ನು ನಿಲ್ಲಿಸಿದ್ದೀರಿ. ಬೆಲೆಗೆ ಮೊದಲು ಸಾಲದ ಮಾತು. ದನ ಸಾಕುವವನ ಮನೆಯಲ್ಲಿ ಸಾಲ ಹುಟ್ಟುವುದು ಹಾಲು ಕರೆಯುವ ತಿಂಗಳಲ್ಲಿ ಅಲ್ಲ, ದನ ಬತ್ತಿದ ತಿಂಗಳಲ್ಲಿ. ಹಾಲು ನಿಲ್ಲುತ್ತದೆ, ಹಿಂಡಿ ಬೈಹುಲ್ಲು ನಿಲ್ಲುವುದಿಲ್ಲ. ನಾನೂ ಹಾಗೆ ಸಿಕ್ಕಿಬಿದ್ದವನೇ. ಹಿಂಡಿ ಅಂಗಡಿಯಲ್ಲಿ ಕಡ ಬರೆಸಿದೆ, ಕರು ಹಾಕಿದ ಮೇಲೆ ತೀರಿಸುತ್ತೇನೆ ಅಂದೆ. ಕರು ಹಾಕಿತು, ಜೊತೆಗೆ ಕೆಚ್ಚಲು ಬಾವೂ ಬಂತು. ಆ ಕಡ ಮುಗಿಯುವಷ್ಟರಲ್ಲಿ ದನ ಮತ್ತೆ ಬತ್ತುವ ಹೊತ್ತು.

ಆಗ ನನಗೆ ಹತ್ತು ವರ್ತನೆ ಮನೆಗಳಿದ್ದವು. ಹೆದ್ದಾರಿಯ ಆಚೆ ಈಚೆ ಗದ್ದೆಗಳು ಸೈಟಾದವಲ್ಲ, ಅಲ್ಲಿ ಮನೆ ಕಟ್ಟಿಕೊಂಡು ಬಂದವರು. ಒಳ್ಳೆಯ ಜನ. ದಿನಾ ಹಾಲು ತೆಗೆದುಕೊಂಡು ತಿಂಗಳು ಮುಗಿದ ಮೇಲೆ, ಕೆಲವರು ಹತ್ತನೇ ತಾರೀಕು ಕಳೆದ ಮೇಲೆ, ಹಣ ಕೊಡುವರು. ಒಂದು ರಾತ್ರಿ ಲೆಕ್ಕ ಬರೆಯುವಾಗ ನನಗೆ ನಗು ಬಂತು ಮಾರಾಯ್ರೆ. ಹಿಂಡಿಗೆ ಸಾಲ ಮಾಡಿದ ನಾನು ಸಂಬಳದವರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಾ ಇದ್ದೇನೆ!

ಅದನ್ನು ತಿರುಗಿಸಿದೆವು. ಹಣ ತಿಂಗಳ ಮೊದಲ ತಾರೀಕಿಗೆ. ಅದೂ ಲೀಟರಿನ ಲೆಕ್ಕದಲ್ಲಿ ಅಲ್ಲ, ಪಾಲಿನ ಲೆಕ್ಕದಲ್ಲಿ. ಹಟ್ಟಿಯ ಹಾಲಿನಲ್ಲಿ ಇಷ್ಟು ಪಾಲು ನಿಮ್ಮದು. ದನ ಬತ್ತಿದಾಗ ಕಮ್ಮಿ ಬರುತ್ತದೆ, ಕರು ಹಾಕಿದಾಗ ಹೆಚ್ಚು ಬರುತ್ತದೆ, ಹಣ ವರ್ಷವಿಡೀ ಒಂದೇ. ಹತ್ತರಲ್ಲಿ ನಾಲ್ಕು ಮನೆ ಬಿಟ್ಟವು. ಆರು ನಿಂತವು. ಅಂಗಡಿಯ ಕಡ ನಿಂತದ್ದು ಆ ಆರರಿಂದ.

ಹೊರದೇಶಗಳಲ್ಲಿ ಇದಕ್ಕೆ ಸಮುದಾಯ ಬೆಂಬಲದ ಕೃಷಿ ಎನ್ನುತ್ತಾರೆ. ಜಪಾನಿನ ಟೋಕಿಯೋದಲ್ಲಿ 1965ರಲ್ಲಿ ಸುಮಾರು 200 ಗೃಹಿಣಿಯರು ಸೇರಿ 300 ಬಾಟಲಿ ಹಾಲನ್ನು ಒಟ್ಟಿಗೆ ಕೊಳ್ಳಲು ಶುರುಮಾಡಿದರು. ಸೇಕಾತ್ಸು ಕ್ಲಬ್ ಎಂಬ ದೊಡ್ಡ ಸಹಕಾರಿ ಬೆಳೆದದ್ದು ಅದರಿಂದ. ಅಲ್ಲಿ ಕೊಳ್ಳುವವರು ಒಟ್ಟಾದರು. ಇಲ್ಲಿ ನಾವೇ ಅವರ ಬಾಗಿಲಿಗೆ ಹೋಗಿ ಹೇಳಬೇಕು, ಅಷ್ಟೇ ವ್ಯತ್ಯಾಸ.

ಈಗ ಪನೀರಿಗೆ ಬರುತ್ತೇನೆ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಪಾಲಿನವರು ಊರಿಗೆ ಹೋಗುತ್ತಾರೆ. ಅವರ ಪಾಲಿನ ಹಾಲು ಏನು ಮಾಡುವುದು? ತುಪ್ಪ ಅನ್ನುತ್ತೀರಿ. ಶೇಕಡಾ 4 ಕೊಬ್ಬಿನ ಹಾಲಾದರೂ ಕಿಲೋ ತುಪ್ಪಕ್ಕೆ 25 ಲೀಟರಿಗೆ ಕಮ್ಮಿ ಸಾಲದು. ಹಾಲಿಗೆ 40 ರೂಪಾಯಿ ಹಿಡಿದರೆ ಸಾವಿರವಾಯಿತು. ಮಜ್ಜಿಗೆ ಉಳಿಯುತ್ತದೆ, ನಿಜ, ಮಜ್ಜಿಗೆಗೆ ಯಾರು ದುಡ್ಡು ಕೊಡುತ್ತಾರೆ? ಪನೀರಿಗೆ ಸುಮಾರು 6 ಲೀಟರು ಸಾಕು.

ಹಾಲನ್ನು ಚೆನ್ನಾಗಿ ಕುದಿಸಿ ಇಳಿಸಿ. ಸ್ವಲ್ಪ ಆರಿದ ಮೇಲೆ, ಇನ್ನೂ ಕೈ ಹಾಕಲಾಗದಷ್ಟು ಬಿಸಿಯಿರುವಾಗ, ಲಿಂಬೆರಸಕ್ಕೆ ನೀರು ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ. ನೀರು ಹಳದಿ ಮಿಶ್ರಿತ ಹಸಿರಾಗಿ ತಿಳಿಯಾದ ಕೂಡಲೇ ನಿಲ್ಲಿಸಿ. ಮತ್ತೂ ಹುಳಿ ಹಾಕಿದರೆ ಗಟ್ಟಿಯಾಗಿ ರಬ್ಬರಿನ ಹಾಗಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಅರೆಯುವ ಕಲ್ಲಿನ ಗುಂಡು ಹೇರಿ ಅರ್ಧ ಗಂಟೆ ಬಿಡಿ, ಆಮೇಲೆ ತಣ್ಣೀರಿನಲ್ಲಿ ಮುಳುಗಿಸಿ. ಸೋಸಿದ ನೀರನ್ನು ಒಂದು ದಿನ ಇಟ್ಟು ಹುಳಿ ಬರಿಸಿದರೆ ಮರುದಿನ ಲಿಂಬೆ ಬೇಡ. ಮೊದಲ ಸಲ ನಾನು ಮಾಡಿದ್ದು ಮಳೆಗಾಲದಲ್ಲಿ, ಬಟ್ಟೆ ಸರಿಯಾಗಿ ಒಣಗಿರಲಿಲ್ಲ. ಮುಗ್ಗಲು ವಾಸನೆ ಬಂದು ಎಲ್ಲ ಕೋಳಿಗೆ ಹೋಯಿತು. ಉಡುಪಿ ಕೃಷ್ಣನ ಕೈಯಲ್ಲಿರುವುದು ಕಡೆಗೋಲು, ನಮ್ಮದು ಮಜ್ಜಿಗೆ ಬೆಣ್ಣೆಯ ಸೀಮೆ. ಹಾಲು ಒಡೆಸುವುದು ಮನೆಗೆ ಒಳ್ಳೆಯದಲ್ಲ ಎಂದು ನನ್ನ ತಾಯಿ ಕಡೆಯವರೆಗೂ ಆ ಪನೀರು ಮುಟ್ಟಲಿಲ್ಲ.

ಗಟ್ಟಿ ಚೀಸು ಮಾಡಬಹುದಲ್ಲ ಎಂದು ಮಣಿಪಾಲದ ಹುಡುಗರು ಕೇಳುತ್ತಾರೆ. ಅದಕ್ಕೆ ಕಿಲೋಗೆ ಹತ್ತು ಲೀಟರು ಬೇಕು, ಹೆಪ್ಪಿಗೆ ರೆನೆಟ್ ಬೇಕು, ತಿಂಗಳುಗಟ್ಟಲೆ ಹಣ್ಣಾಗಲು 10-13 ಡಿಗ್ರಿಯ ತಣ್ಣನೆ ಕೋಣೆ ಬೇಕು. ನಮ್ಮ ಸೆಕೆಯಲ್ಲಿ ಅದು ಕರೆಂಟಿನ ಬಿಲ್ಲು, ಮತ್ತೊಂದು ಸಾಲ. ನಾನು ಬೇಡ ಎನ್ನುತ್ತೇನೆ.

ಪನೀರಿನಲ್ಲೂ ಚಿನ್ನ ಇಲ್ಲ. 6 ಲೀಟರು ಹಾಲಿಗೆ 240, ಗ್ಯಾಸು ಲಿಂಬೆಗೆ 50 ಹಿಡಿಯಿರಿ. ಕಿಲೋಗೆ 400 ಸಿಕ್ಕಿದರೆ ಉಳಿಯುವುದು 110. ಅದು ಲಾಭ ಅಲ್ಲ, ಎರಡು ಗಂಟೆ ಒಲೆಯ ಮುಂದೆ ನಿಂತ ಹೆಂಗಸಿನ ಕೂಲಿ. ವೈಜ್ಞಾನಿಕ ಬೆಲೆ ಕೊಡಿ ಎಂದು ಸರಕಾರವನ್ನು ಕೇಳುವ ನಾವು ನಮ್ಮ ಅಡಿಗೆಮನೆಯ ಕೂಲಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮಲ್ಲಿ ಅದಕ್ಕೆ ಬೇರೆ ಪುಸ್ತಕ ಉಂಟು, ಅದು ಅವಳ ಹತ್ತಿರವೇ ಇರುತ್ತದೆ. ಪಾಲಿನವರಿಗೆ ಹತ್ತು ಲೀಟರಿನ ಬದಲು ಒಂದು ಕಿಲೋ ಪನೀರು ಎಂಬ ಲೆಕ್ಕ ಬಂದದ್ದು ಹೀಗೆ.

ಪೊಟ್ಟಣದ ಪನೀರಿನ ಮೇಲೆ 2022ರ ಜುಲೈಯಲ್ಲಿ ಹಾಕಿದ ಶೇಕಡಾ 5 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಆದರೆ ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ. ಕೆಚ್ಚಲು ಬಾವಿಗೆ ಇಂಜಕ್ಷನ್ ಕೊಟ್ಟ ದನದ ಹಾಲನ್ನು ಡಾಕ್ಟರು ಹೇಳಿದಷ್ಟು ದಿನ ಯಾರಿಗೂ ಕೊಡಬೇಡಿ, ಪನೀರಿಗೂ ಬೇಡ. ಹಸಿ ಹಾಲಿನಿಂದ ಕ್ಷಯವೂ ಬರುತ್ತದೆ, ಕುದಿಸದೆ ಏನೂ ಮಾಡಬೇಡಿ. ಒಂದು ಮಗುವಿಗೆ ಹೊಟ್ಟೆ ಕೆಟ್ಟರೆ ಆರೂ ಮನೆ ಹೋಯಿತು.

ಇಷ್ಟು ಕೇಳಿ ಸೊಸೈಟಿಗೆ ಹಾಲು ಹಾಕುವುದನ್ನು ಬಿಡಬೇಡಿ. 1974ರಲ್ಲಿ ಮಣಿಪಾಲದಲ್ಲಿ ಟಿ.ಎ. ಪೈಯವರು ಕೆನರಾ ಮಿಲ್ಕ್ ಯೂನಿಯನ್ ಕಟ್ಟುವ ಮೊದಲು ಹಾಲಿನ ದರ ಹೋಟೆಲಿನವರ ಬಾಯಲ್ಲಿತ್ತು. ಆಷಾಢದ ಮಳೆಯಲ್ಲಿ ಯಾರಿಗೂ ಬೇಡದ ಹಾಲನ್ನು ತೆಗೆದುಕೊಳ್ಳುವುದು ಸೊಸೈಟಿಯೇ. ಹಟ್ಟಿಯ ಹಾಲಿನಲ್ಲಿ ಮುಕ್ಕಾಲು ಅಲ್ಲಿಗೆ ಹೋಗಲಿ, ಪಾಲಿನವರಿಗೆ ಕಾಲು ಸಾಕು.

ಬಟ್ಟೆ ಎಂಥದ್ದು, ಗುಂಡು ಎಷ್ಟು ಭಾರ, ಇದನ್ನೆಲ್ಲ ನನ್ನ ಹೆಂಡತಿಯನ್ನು ಕೇಳಿ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಪಾಲಿನ ಪುಸ್ತಕವನ್ನೂ ತಂದಿದ್ದೇವೆ, ಬೇಕಾದವರು ನೋಡಿಕೊಂಡು ಬರೆದುಕೊಳ್ಳಿ.